ಬೊಪ್ಪಣ್ಣನ ಕುಡಿಕೆ

ಕೆಂಗೋಡಿನ ಅರಸ ಚಿಕ್ಕಸೋಮ ನಾಯಕನಿಗೆ ಅತಿಥಿಗಳ ಮುಂದೆ ಏನಾದರೊಂದು ಕೊಚ್ಚಿಕೊಳ್ಳದಿದ್ದರೆ ಉಂಡ ಅನ್ನ ಕರಗುತ್ತಿರಲಿಲ್ಲ. ಒಂದು ದಿನ ನೆರೆಯ ಸಂಸ್ಥಾನದ ರಾಯಭಾರಿಯ ಮುಂದೆ, ತನ್ನ ಅರಮನೆಯಲ್ಲಿ ಅಮಲು ಮುಟ್ಟುವ ನೌಕರ ಒಬ್ಬನೇ ಒಬ್ಬನೂ ಇಲ್ಲ ಎಂದ. ಆಗಲೇ ಕಹಳೆಯವನು ಗೌರವ ಸಲ್ಲಿಸಲು ಬಂದು, ಕಹಳೆಯ ಅಗಲ ಬಾಯಿಗೆ ಮುಖವಿಟ್ಟು ಊದಿದ.

ರಾಯಭಾರಿ ನಗಲಿಲ್ಲ. ನಕ್ಕಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತೇನೋ.

ಮರುದಿನ ಅರಸ ಡಂಗುರ ಹೊಡೆಸಿದ. ಅರಮನೆಯ ನೌಕರರೆಲ್ಲ ಸರದಿಯಂತೆ ಬೆಳಿಗ್ಗೆ ಕಾವಲಿನವನ ಕಣ್ಣೆದುರಿಗೇ ಒಂದು ಕುಡಿಕೆಯಲ್ಲಿ ತಮ್ಮ ಮೂತ್ರ ಹಿಡಿದು ಕೊಡಬೇಕು. ರಾಜವೈದ್ಯ ಧರಣಪ್ಪ ಪಂಡಿತರು ಅದಕ್ಕೆ ಒಂದು ಹನಿ ಎಳ್ಳೆಣ್ಣೆ ಬಿಟ್ಟು, ಹನಿ ಹರಡಿದ ರೀತಿ ನೋಡಿ, ಕಂಡದ್ದನ್ನು ತುಂಬಿದ ಸಭೆಯಲ್ಲಿ ಹೇಳುತ್ತಾರೆ. ಅಮಲು ಕಂಡರೆ ಮುಖಕ್ಕೆ ಮಸಿ ಬಳಿದು ಕೋಟೆಯಿಂದ ಹೊರಗೆ.

ಪಂಡಿತರಿಗೆ ಅಮಲು ಹೆಚ್ಚೇನೂ ಸಿಗಲಿಲ್ಲ. ಬೇರೆಲ್ಲ ಸಿಕ್ಕಿತು. ದಿಡ್ಡಿಬಾಗಿಲ ಕಾವಲುಗಾರನಿಗೆ ಸಿಹಿಮೂತ್ರದ ರೋಗವಿರುವುದು ಅವನ ಬೀಗರ ಕಿವಿಗೆ ಬಿತ್ತು. ಹೂ ಕಟ್ಟುವ ಸಿದ್ದವ್ವ ಬಸುರಿ ಎಂಬುದು ಅವಳ ಗಂಡನಿಗಿಂತ ಮೊದಲು ಮಂತ್ರಿಗಳಿಗೆ ತಿಳಿಯಿತು. ಮಾವುತನ ಮೂಲವ್ಯಾಧಿಯ ಬಗ್ಗೆ ಸಭೆಯಲ್ಲಿ ಎರಡು ಅಭಿಪ್ರಾಯ ಬಂದವು.

ಜನ ಗೊಣಗಿದರು. ತಪ್ಪು ಮಾಡದವನಿಗೆ ಮುಚ್ಚಿಡಲು ಏನಿರುತ್ತದೆ ಎಂದು ಅರಸ ಕೇಳಿದ. ಈ ಮಾತು ಸಾಮಾನ್ಯವಾಗಿ ಪರೀಕ್ಷೆ ಇಲ್ಲದವರ ಬಾಯಲ್ಲೇ ಬರುತ್ತದೆ.

ಆಸ್ಥಾನದಲ್ಲಿ ಮಂಚಯ್ಯ ಎಂಬ ಜಾಣನಿದ್ದ. ಒಂದು ಸಂಜೆ ಬೊಪ್ಪಣ್ಣ ಅವನನ್ನು ಕುದುರೆ ಲಾಯದ ಹಿಂದೆ ತಡೆದು ನಿಲ್ಲಿಸಿದ. ಅರಸನ ಊಟವನ್ನು ಮೊದಲು ರುಚಿ ನೋಡುವುದು ಬೊಪ್ಪಣ್ಣನ ಕೆಲಸ. ವಿಷವಿದ್ದರೆ ಅವನು ಮೊದಲು ಸಾಯಬೇಕು. ಬೇರೆ ತಿನಿಸಿನಿಂದ ಹೊಟ್ಟೆ ಕೆಟ್ಟು ಗೊಂದಲವಾಗಬಾರದೆಂದು, ಅರಸನ ತಟ್ಟೆ ಲೋಟದಲ್ಲಿದ್ದದ್ದು ಬಿಟ್ಟು ಇನ್ನೇನನ್ನೂ ಅವನು ಬಾಯಿಗೆ ಹಾಕುವಂತಿರಲಿಲ್ಲ; ಅದನ್ನು ನೋಡಿಕೊಳ್ಳಲು ಅರಸ ಕಾವಲು ಇಟ್ಟಿದ್ದ. ಅರಸ ಏನು ತಿಂದ, ಏನು ಕುಡಿದ ಎಂದು ಹೊರಗೆ ಬಾಯಿಬಿಟ್ಟರೆ ನಾಲಗೆ ಕತ್ತರಿಸುವ ಅಪ್ಪಣೆ ಬೇರೆ.

"ನಾಳೆ ನನ್ನ ಸರದಿ, ಬುದ್ಧಿ," ಎಂದ ಬೊಪ್ಪಣ್ಣ.

"ನೀನು ಹೊರಗೆ ಏನೂ ಮುಟ್ಟುವುದಿಲ್ಲವಲ್ಲ?"

"ಹೊರಗೆ ಮುಟ್ಟುವುದಿಲ್ಲ."

ಮಂಚಯ್ಯ ಅವನ ಮುಖ ನೋಡಿದ. ಅರಸ ಹಿಂದಿನ ಶಿವರಾತ್ರಿಗೆ ಭಂಗಿ ಕುಡಿದು ಗುಡಿಯ ಕಲ್ಲು ಬಸವನ ಮೇಲೇರಿ ಅದನ್ನು ಓಡಿಸಲು ನೋಡಿದ್ದ. ಇನ್ನು ಭಂಗಿಯ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲವೆಂದು ಆಮೇಲೆ ತಾಯಿ ಹೊನ್ನಾಜಮ್ಮನವರ ಪಾದ ಮುಟ್ಟಿ ಆಣೆ ಇಟ್ಟಿದ್ದ. ಇಷ್ಟು ಊರಿಗೆಲ್ಲ ಗೊತ್ತು. ಈಗಲೂ ಬಾದಾಮಿ ಹಾಲು ಕುಡಿದ ಮೇಲೆ ಅರಸ ದೀಪದ ಕಂಬದೊಡನೆ ರಾಜಕಾರ್ಯ ಮಾತಾಡುತ್ತಾನೆ ಎಂಬುದು ಮಂಚಯ್ಯನಿಗೂ ಗೊತ್ತು.

"ಆ ಹಾಲು..." ಎಂದು ಬೊಪ್ಪಣ್ಣ ಶುರುಮಾಡಿದ.

"ಹೇಳಬೇಡ. ನಾಲಗೆ ಇರಲಿ, ನಾಳೆಯೂ ಸಾರಿಗೆ ಉಪ್ಪು ನೋಡಬೇಕಲ್ಲ. ಕುಡಿಕೆ ತುಂಬ ಕೊಡು. ಸಭೆಯಲ್ಲಿ ಯಾರು ಏನು ಕೇಳಿದರೂ ನೆಲ ನೋಡು."

ಅಲ್ಲಿಂದ ಮಂಚಯ್ಯ ನೇರವಾಗಿ ರಾಜಮಾತೆಯ ಬಳಿ ಹೋದ. ಮಗ ಅರಮನೆಯನ್ನು ಎಷ್ಟು ಶುದ್ಧಮಾಡಿದ್ದಾನೆಂದು ತಾವೊಮ್ಮೆ ಕಣ್ಣಾರೆ ನೋಡಬೇಕು ಎಂದು ಬೇಡಿಕೊಂಡ. ಯಾವ ತಾಯಿ ಒಲ್ಲೆ ಎನ್ನುತ್ತಾಳೆ?

ಮರುದಿನ ಹೊನ್ನಾಜಮ್ಮನವರು ಬಂದು ಮಗನ ಪಕ್ಕದಲ್ಲಿ ಕುಳಿತರು. ಪಂಡಿತರು ಬೊಪ್ಪಣ್ಣನ ಕುಡಿಕೆಗೆ ಎಣ್ಣೆ ಬಿಟ್ಟರು. ಹನಿ ಹಾವಿನಂತೆ ಹರಿಯಿತು. ಆ ಎಣ್ಣೆ ಅದುವರೆಗೆ ಎಷ್ಟು ನಿಜ ಹೇಳಿತ್ತೋ ಯಾರಿಗೂ ಗೊತ್ತಿಲ್ಲ. ಆ ದಿನ ಮಾತ್ರ ಹೇಳಿತು.

"ಭಂಗಿ," ಎಂದರು ಪಂಡಿತರು. "ಧಾರಾಳವಾಗಿ."

ಅರಸನಿಗೆ ತಟ್ಟನೆ ಹೊಳೆಯಲಿಲ್ಲ. ಮಸಿ ತರಲು ಹೇಳಿದ. ಬೊಪ್ಪಣ್ಣ ನೆಲ ನೋಡುತ್ತ ನಿಂತ.

ಮಂಚಯ್ಯ ಎದ್ದ. ಬರೀ ಮಸಿ ಸಾಲದು, ಇವನಿಗೆ ಭಂಗಿ ಕೊಟ್ಟವರನ್ನೂ ಹಿಡಿಯಬೇಕು ಎಂದ. ಅರಸ ಮೆಚ್ಚಿ ತಲೆದೂಗಿದ. ಬೇರುಸಹಿತ ಕಿತ್ತು ಹಾಕೋಣ ಎಂದ. ಮಂಚಯ್ಯ ಪಂಡಿತರ ಕಡೆ ತಿರುಗಿ, ತಮ್ಮ ಎಣ್ಣೆ ಎಂದಾದರೂ ತಪ್ಪುವುದುಂಟೇ ಎಂದು ಕೇಳಿದ. ತಮ್ಮ ಮನೆತನದಲ್ಲಿ ಅಜ್ಜನ ಕಾಲದಿಂದಲೂ ತಪ್ಪಿಲ್ಲ ಎಂದರು ಪಂಡಿತರು.

"ಹಾಗಾದರೆ ಇವನು ಕಾವಲಿನ ಕಣ್ಣು ತಪ್ಪಿಸಿ ಹೊರಗೆ ಎಲ್ಲೋ ಕುಡಿದಿರಬೇಕು, ಪ್ರಭೂ."

ಕಾವಲಿನ ಮಾತು ಬಂದದ್ದೇ ಅರಸನಿಗೆ ರೇಗಿತು. "ನನ್ನ ಕಾವಲನ್ನು ಏನೆಂದುಕೊಂಡೆ, ಮಂಚಯ್ಯ? ನನ್ನ ತಟ್ಟೆಯಲ್ಲಿಲ್ಲದ ಒಂದು ಅಗುಳು, ನನ್ನ ಲೋಟದಲ್ಲಿಲ್ಲದ ಒಂದು ಗುಟುಕು ಇವನ ಹೊಟ್ಟೆಗೆ..."

ಅಲ್ಲಿಗೆ ನಿಂತ.

ರಾಜಮಾತೆ ನಿಧಾನವಾಗಿ ಮಗನ ಕಡೆ ತಿರುಗಿದರು. "ಯಾಕಪ್ಪಾ ನಿಲ್ಲಿಸಿದೆ? ಹೇಳು."

ಸಭೆಯಲ್ಲಿದ್ದವರೆಲ್ಲ ಚಾವಣಿಯ ಕೆತ್ತನೆಯನ್ನು ಮೊದಲ ಸಲ ಗಮನಿಸಿ ನೋಡಿದರು.

"ನನಗೆ ಎರಡೇ ದಾರಿ ಕಾಣುತ್ತಿವೆ, ಪ್ರಭೂ," ಎಂದ ಮಂಚಯ್ಯ. "ಒಂದು, ಪಂಡಿತರ ಎಣ್ಣೆ ಸುಳ್ಳು ಹೇಳುತ್ತದೆ. ಇನ್ನೊಂದನ್ನು ಬಾಯಿಬಿಟ್ಟು ಹೇಳುವಷ್ಟು ಬುದ್ಧಿ ನನಗಿಲ್ಲ. ಅಪ್ಪಣೆಯಾದರೆ ಅಮ್ಮನವರನ್ನೇ ಕೇಳುತ್ತೇನೆ."

"ಎಣ್ಣೆ ಸುಳ್ಳು," ಎಂದ ಅರಸ.

ಪಂಡಿತರು ಅಜ್ಜನ ಹೆಸರೆತ್ತಿದರು. ಅರಸ ಅವರನ್ನು ಒಮ್ಮೆ ನೋಡಿದ. ಈ ಸಲ ಎಳ್ಳಿನ ಬೆಳೆ ಅಷ್ಟಕ್ಕಷ್ಟೇ ಎಂದು ಪಂಡಿತರು ಒಪ್ಪಿಕೊಂಡರು.

ಹೀಗೆ, ಪರೀಕ್ಷೆ ನಿಜ ಹೇಳಿದ ದಿನವೇ ಸುಳ್ಳೆಂದು ಸಾಬೀತಾಗಿ ರದ್ದಾಯಿತು. ಬೊಪ್ಪಣ್ಣ ಬಿಳಿಚಿದ ಮುಖದಲ್ಲೇ ಅಡುಗೆಮನೆಗೆ ಹೋಗಿ ಮಧ್ಯಾಹ್ನದ ಸಾರಿನ ರುಚಿ ನೋಡಿದ. ರಾಜಮಾತೆ ಇನ್ನು ಮೇಲೆ ಮಗನ ಹಾಲನ್ನು ತಾವೇ ಕಾಯಿಸುತ್ತೇವೆಂದಷ್ಟೇ ಹೇಳಿ ಎದ್ದರು.

ಸಭೆ ಚದುರಿದ ಮೇಲೆ ಅರಸ ಮಂಚಯ್ಯನನ್ನು ತೋಟಕ್ಕೆ ಕರೆಸಿದ. ಸಿಟ್ಟಿತ್ತು, ಯಾರ ಮೇಲೆ ತೀರಿಸಬೇಕೆಂದು ತಿಳಿಯದ ಸಿಟ್ಟು.

"ಒಬ್ಬ ಮನುಷ್ಯ ತನ್ನ ಪಾಡಿಗೆ ತಾನು ಬಾಗಿಲು ಹಾಕಿಕೊಂಡು ಒಂದು ಲೋಟ ಹಾಲು ಕುಡಿದರೆ, ಅದನ್ನು ತುಂಬಿದ ಸಭೆಗೆ ಎಳೆದು ತರುವುದು ಯಾವ ಸೀಮೆಯ ನ್ಯಾಯ, ಮಂಚಯ್ಯ?"

ಮಂಚಯ್ಯ ಕೈಮುಗಿದ.

"ಅರಮನೆಯ ಆಳುಕಾಳುಗಳೆಲ್ಲ ಇಷ್ಟು ದಿನ ತಮ್ಮಲ್ಲಿ ಇದನ್ನೇ ಕೇಳಬೇಕೆಂದಿದ್ದರು, ಪ್ರಭೂ. ಕೈಯಲ್ಲಿ ಕುಡಿಕೆ ಇತ್ತು ನೋಡಿ, ಕೈಮುಗಿಯಲು ಆಗಲಿಲ್ಲ."