ಹಳೆಯ ಪಟ್ಟಿ, ಹೊಸ ಪಟ್ಟಿ

ಬೆನೆಡಿಕ್ಟ್ ಮೇಸ್ತ್ರಿಯ ರಿಪೇರಿ ಮೇಜಿನ ಮೇಲೆ ಹಳೆಯ ಎಲೆಕ್ಟ್ರಿಕ್ ಗಿಟಾರೊಂದು ಮಲಗಿತ್ತು. ಅದರ ಅಂಚಿನ ಸುತ್ತ ಕೂರಿಸಿದ್ದ ಪ್ಲಾಸ್ಟಿಕ್ ಪಟ್ಟಿ ನಲವತ್ತು ವರ್ಷ ಏಟು ತಿಂದು ಹಳದಿಯಾಗಿ, ಒಂದು ಕಡೆ ಬಿರುಕು ಬಿಟ್ಟಿತ್ತು.

ಪಕ್ಕದಲ್ಲಿದ್ದ ಹಾಲುಬಿಳುಪಿನ ಹೊಸ ಪಟ್ಟಿ, "ಅಜ್ಜಾ, ನಿಮ್ಮ ಕಾಲ ಮುಗಿಯಿತು. ಮರ್ಯಾದೆಯಿಂದ ಎದ್ದು ಜಾಗ ಬಿಡಿ," ಎಂದಿತು.

"ಏಳುವುದಕ್ಕೆ ನನಗೇನೂ ಬೇಸರವಿಲ್ಲ," ಎಂದಿತು ಹಳೆಯ ಪಟ್ಟಿ. "ಆದರೆ ಗಿಟಾರಿನ ಬಣ್ಣ ನನ್ನನ್ನು ಬಿಡಬೇಕಲ್ಲ? ನನ್ನನ್ನು ಕಿತ್ತರೆ ಅದೂ ಚಕ್ಕೆಚಕ್ಕೆಯಾಗಿ ನನ್ನ ಜೊತೆಗೇ ಏಳುತ್ತದೆ. ಮೇಸ್ತ್ರಿಗೆ ಅದು ಗೊತ್ತು."

"ಮೈ ಸೀಳಿದರೂ ಜಂಬ ಹೋಗಿಲ್ಲ! ಹಾಗಾದರೆ ಅವರು ನನ್ನನ್ನು ತರಿಸಿದ್ದು ಯಾಕೆ?"

ಅಷ್ಟರಲ್ಲಿ ಮೇಸ್ತ್ರಿ ಚಾಕು ಎತ್ತಿಕೊಂಡರು. ಹೊಸ ಪಟ್ಟಿ ಹಿಗ್ಗಿತು. ಆದರೆ ಚಾಕು ಬಂದದ್ದು ಅದರ ಮೇಲೆಯೇ. ಮೇಸ್ತ್ರಿ ಅದರ ತುದಿಯಿಂದ ಉಗುರಿನಷ್ಟು ಕತ್ತರಿಸಿ, ಪುಡಿ ಮಾಡಿ, ಪ್ಲಾಸ್ಟಿಕ್ಕನ್ನು ಕರಗಿಸುವ ಅಸಿಟೋನ್ ದ್ರವದಲ್ಲಿ ಗಂಜಿಯಂತೆ ಕರಗಿಸಿದರು. ಆ ಗಂಜಿಯನ್ನು ಕಡ್ಡಿಯ ತುದಿಯಿಂದ ಬಿರುಕಿನ ಉದ್ದಕ್ಕೂ ತುಂಬಿದರು. ಮರುದಿನ ಅದು ಒಣಗಿದ ಮೇಲೆ ಉಜ್ಜಿ ನುಣುಪು ಮಾಡಿ, ಗಿಟಾರಿಗೆ ತಂತಿ ಬಿಗಿದರು.

"ಅಜ್ಜಾ, ನಾನೆಲ್ಲಿದ್ದೇನೆ?" ಎಂದು ಬಿರುಕಿನೊಳಗಿನಿಂದ ಹೊಸ ಪಟ್ಟಿಯ ಆ ಚೂರು ಕೇಳಿತು.

"ನೀನು ಕೇಳಿದ ಜಾಗದಲ್ಲೇ, ಮಗಾ," ಎಂದಿತು ಹಳೆಯ ಪಟ್ಟಿ. "ನನ್ನನ್ನು ಗಟ್ಟಿಯಾಗಿ ಹಿಡಿದುಕೋ. ಈಗ ನುಡಿಸುತ್ತಾರೆ."