ಸುಣ್ಣದ ಕೆಳಗಿನ ಮುಖ

ಪ್ಲೇಗಿನ ಆ ವರ್ಷ ಪೂಜ್ಯ ಕರುಣಾನಾಥ ಸ್ವಾಮಿಗಳು ಹಾಲಗುಡ್ಡದ ಹಳೆಯ ಇಗರ್ಜಿಯಲ್ಲಿ ಪಾದ್ರಿಗಳಾಗಿ ನೆಲೆಸಿದ್ದರು. ಅವರ ಆಸ್ತಿಯೆಂದರೆ ಒಂದು ಕಾವಿ ನಿಲುವಂಗಿ, ಒಂದು ಚಾಪೆ, ಅಷ್ಟೇ. ಇಗರ್ಜಿ ಮಾತ್ರ ಶತಮಾನಗಳದ್ದು. ಮೊಳ ದಪ್ಪದ ಕಲ್ಲಿನ ಗೋಡೆ, ಮರದ ಕಂಬ, ಮಣ್ಣಿನ ಮಾಳಿಗೆ, ಮೇಲೆಲ್ಲೋ ಎರಡು ಪುಟ್ಟ ಕಿಂಡಿ. ಒಳಗೆ ಗೋಡೆ ತುಂಬ ಚಿತ್ರಗಳು. ನಮ್ಮ ಕಡೆಯ ಹೆಣ್ಣುಮಕ್ಕಳಂತೆ ಸೀರೆಯುಟ್ಟ ಮಾತೆ ಮರಿಯಮ್ಮನವರು, ರುಮಾಲು ಸುತ್ತಿದ ಸಿಪಾಯಿಗಳು, ಬರಿದಾದ ಸಮಾಧಿಯ ಬಳಿ ನಿಂತ ದೇವದೂತ.

ವರ್ಷಕ್ಕೊಮ್ಮೆ, ಉಪವಾಸದ ದಿನಗಳಾದ ತಪಸ್ಸುಕಾಲದಲ್ಲಿ ಈ ಚಿತ್ರಗಳ ಬಣ್ಣ ತಿದ್ದುವ ಹಕ್ಕು ಇನ್ನಾಸಪ್ಪನ ಮನೆತನದ್ದು. ಹೆಂಡತಿ ಸತ್ತ ಮೇಲೆ ಅವನಿಗಿದ್ದವಳು ಒಬ್ಬಳೇ ಮಗಳು, ಅರುಳಮ್ಮ. ಹಿಂದಿನ ವರ್ಷ ದೇವದೂತನ ಮಾಸಿದ ಮುಖ ತಿದ್ದುವಾಗ ಅವನು ಆಕೆಯ ಮುಖವನ್ನೇ ಬರೆದಿದ್ದ. ಊರಿಗೆಲ್ಲ ಅದು ಗೊತ್ತಿತ್ತು. ನೋಡಿ ನಕ್ಕು ಸುಮ್ಮನಾಗಿದ್ದರು.

ಪ್ಲೇಗಿನಲ್ಲಿ ಮೊದಲು ಹೋದವಳು ಅವಳೇ. ಬೇನೆ ಬಿದ್ದ ಮನೆಯವರು ನಲವತ್ತು ದಿನ ಊರೊಳಗೆ ಕಾಲಿಡಬಾರದೆಂದು ಪಂಚರ ಕಟ್ಟಳೆ. ಇನ್ನಾಸಪ್ಪ ಹೊಲದ ಗುಡಿಸಲಲ್ಲಿ ಒಬ್ಬನೇ ದಿನ ಎಣಿಸಿದ. ಅವನ ಜೀವ ಹಿಡಿದಿಟ್ಟದ್ದು ಒಂದೇ ಆಸೆ, ಗೋಡೆಯ ಮೇಲಿನ ಆ ಮುಖವನ್ನು ಮತ್ತೆ ನೋಡಬೇಕು. ಅವಳ ಗುರುತು ಭೂಮಿಯ ಮೇಲೆ ಬೇರೆಲ್ಲೂ ಇರಲಿಲ್ಲ.

ನಲವತ್ತೊಂದನೆಯ ದಿನ ಮಧ್ಯಾಹ್ನ ಇಗರ್ಜಿಗೆ ಬಂದ. ನೆಲದ ತುಂಬ ರೋಗಿಗಳು ಮಲಗಿದ್ದರು. ನಾಲ್ಕೂ ಗೋಡೆ ಬೆಳ್ಳಗೆ.

"ಯಾರು ಬಳದ್ರು ಇದನ್ನ?"

"ನಾನ ಬಳದೀನಿ, ಇನ್ನಾಸಪ್ಪ. ಸುಣ್ಣ ಬಳದು ಸೋಂಕು ಕಳೀದ ಇವರನ್ನ ಒಳಗ ಮಲಗಸೋ ಹಂಗಿರಲಿಲ್ಲ," ಎಂದರು ಸ್ವಾಮಿಗಳು.

"ನನ್ನ ಮಗಳು ಅಲ್ಲಿದ್ದಳು ಅನ್ನೋದು ನಿಮಗ ಗೊತ್ತಿತ್ತಲ್ರಿ, ಸ್ವಾಮ್ಯಾರ?"

"ಗೊತ್ತಿತ್ತು."

ಇನ್ನಾಸಪ್ಪ ಗೋಡೆಗೆ ಹೋಗಿ ಉಗುರಿನಿಂದ ಕೆರೆಯತೊಡಗಿದ. ಅಂಟಿನಲ್ಲಿ ಕಲಸಿ ಒಣ ಗೋಡೆಗೆ ಹಚ್ಚಿದ ಬಣ್ಣವನ್ನು ಸುಣ್ಣ ಕಚ್ಚಿ ಹಿಡಿಯುತ್ತದೆ, ಸುಣ್ಣ ಎದ್ದರೆ ಬಣ್ಣವೂ ಏಳುತ್ತದೆ. ಅವನಿಗಿಂತ ಚೆನ್ನಾಗಿ ಇದನ್ನು ಬಲ್ಲವರು ಯಾರು? ಬಲ್ಲವನೇ ಆದರೂ ಕೆರೆದ. ಅಂಗೈಗೆ ಒಂದು ಚಕ್ಕೆ ಬಿತ್ತು. ಅದರ ಬೆನ್ನಿಗೆ ಅರ್ಧ ಹುಬ್ಬು ಅಂಟಿಕೊಂಡಿತ್ತು. ಕೆರೆಯುವುದನ್ನು ಬಿಟ್ಟ. ಮಗಳನ್ನು ಎರಡನೆಯ ಸಲ, ಈ ಸಲ ತನ್ನ ಕೈಯಾರೆ ಕಳೆದುಕೊಂಡಿದ್ದ.

ಪವಾಡ ಬಯಸುವವರಿಗೆ ಇಲ್ಲಿ ಏನೂ ಸಿಗುವುದಿಲ್ಲ. ಗೋಡೆಯ ಮೇಲೆ ಮುಖ ಮೂಡಲಿಲ್ಲ. ಸ್ವಾಮಿಗಳು ಸಮಾಧಾನವನ್ನೂ ಹೇಳಲಿಲ್ಲ. ಅವರ ಕಣ್ಣೂ ಒದ್ದೆಯಾಗಿತ್ತು.

"ಆ ಮೂಲ್ಯಾಗಿನ ಕೂಸಿನ ಅಪ್ಪ ಮುಂಜಾನೆ ತೀರಿಕೊಂಡ. ಅದರ ಹತ್ರ ಯಾರೂ ಇಲ್ಲ," ಎಂದಷ್ಟೇ ನುಡಿದು, ಮತ್ತೊಬ್ಬ ರೋಗಿಯ ಕಡೆ ನಡೆದರು.

ಇನ್ನಾಸಪ್ಪ ಹೋಗಿ ಕುಳಿತ. ಕರುಣೆ ಉಕ್ಕಿ ಹೋದನೆಂದರೆ ಸುಳ್ಳಾದೀತು. ಬೇರೆಲ್ಲಿಗೆ ಹೋಗಬೇಕೋ ತಿಳಿಯದೆ ಹೋದ. ಏಳೆಂಟು ವರ್ಷದ ಹುಡುಗಿ. ಬಾಯಿಗೆ ನೀರು ಬಿಟ್ಟರೆ ಕಟವಾಯಿಯಿಂದ ಹರಿದುಹೋಗುತ್ತಿತ್ತು. ಅವಳು ಅವನ ಹೆಬ್ಬೆರಳು ಹಿಡಿದುಕೊಂಡಳು, ಬಿಡಲಿಲ್ಲ. ಹೊತ್ತು ಇಳಿಯುವ ಮೊದಲೇ ಆ ಹಿಡಿತ ತಾನಾಗಿ ಸಡಿಲವಾಯಿತು.

ಸ್ವಾಮಿಗಳು ಬಂದು ಮಂಡಿಯೂರಿದರು.

"ಹೆಸರೇನಿತ್ರಿ ಇದರದು?" ಇನ್ನಾಸಪ್ಪ ಕೇಳಿದ.

"ಗೊತ್ತಿಲ್ಲಪ್ಪ. ಇವರಪ್ಪಗ ಹೇಳೋ ತ್ರಾಣ ಇರಲಿಲ್ಲ."

ಇನ್ನಾಸಪ್ಪ ಆ ಮುಖವನ್ನು ಬಹಳ ಹೊತ್ತು ನೋಡಿದ. ಹಣೆ ಎಷ್ಟಗಲ, ಮೂಗು ಎಲ್ಲಿ ತಿರುಗುತ್ತದೆ, ಗಲ್ಲದ ಮೇಲೆ ಎಲ್ಲಿ ಮಚ್ಚೆ, ಬರೆಯುವವನು ನೋಡುವ ಹಾಗೆ ನೋಡಿದ. ಈ ಮುಖವೂ ಎಲ್ಲಿಯೂ ಉಳಿಯುವುದಿಲ್ಲ. ಇದನ್ನು ನೆನೆದು ಅಳಲು ಒಬ್ಬ ಅಪ್ಪನೂ ಇಲ್ಲ. ಅವನು ಅತ್ತ. ಯಾವ ಮಗುವಿಗಾಗಿ ಅಳುತ್ತಿದ್ದೇನೆಂದು ಅವನಿಗೇ ತಿಳಿಯಲಿಲ್ಲ.

ಆಮೇಲೆ ಕಣ್ಣೊರೆಸಿಕೊಂಡು ಎದ್ದ.

"ಮುಂದ ಯಾರ ಹತ್ರ ಕೂಡ್ಲಿ, ಸ್ವಾಮ್ಯಾರ?"

ಸ್ವಾಮಿಗಳು ಆ ಚಿತ್ರಗಾರನಿಗೆ ಎರಡೂ ಕೈ ಜೋಡಿಸಿ ನಮಿಸಿದರು. ಆಮೇಲೆ ಬಲಿಪೀಠದ ಕಡೆ ತೋರಿಸಿದರು. ಅಲ್ಲೊಬ್ಬ ಮುದುಕಿ ಒಂಟಿಯಾಗಿ ನರಳುತ್ತಿದ್ದಳು.