ಶಾವಂತ್ರವ್ವನ ತಾಟು

ಡೋಣಿ ಹೊಳೆಯ ದಂಡೆಯ ಹಳ್ಳಿಯೊಂದರಲ್ಲಿ ಪೂಜ್ಯ ಚರಂತಯ್ಯ ಅಜ್ಜನವರು ವಾಸವಾಗಿದ್ದರು. ಮಠವೆಂದರೆ ಒಂದು ಮಣ್ಣಿನ ಮಾಳಿಗೆ ಮನೆ, ಮುಂದೊಂದು ಬೇವಿನ ಮರ, ಅಷ್ಟೆ. ಮುಂಜಾನೆ ಜೋಳಿಗೆ ಹಿಡಿದು ಮನೆಮನೆಯ ಹೊಸ್ತಿಲ ಮುಂದೆ ನಿಲ್ಲುತ್ತಿದ್ದರು. ಸಿಕ್ಕ ರೊಟ್ಟಿಯನ್ನು ಮಠಕ್ಕೆ ಬಂದವರೊಡನೆ ಹಂಚಿಕೊಂಡು ಪ್ರಸಾದವೆಂದು ಸ್ವೀಕರಿಸುತ್ತಿದ್ದರು. ಇಂಥವರ ಮೇಲೂ ಒಬ್ಬನಿಗೆ ಸಂಶಯ ಬಂತು ನೋಡಿ. ಸಂಶಯಕ್ಕೆ ದೊಡ್ಡವರು ಸಣ್ಣವರು ಎಂಬ ಭೇದವೆಲ್ಲಿ!

ಆತ ಮಲಕಾಜಪ್ಪ, ಒಕ್ಕಲುತನದ ಸ್ಥಿತಿವಂತ. ಸುಗ್ಗಿಯಲ್ಲಿ ಮಠಕ್ಕೆ ಒಂದು ಚೀಲ ಜೋಳ ಕೊಟ್ಟು, ಆ ಸುದ್ದಿಯನ್ನು ಮುಂದಿನ ಸುಗ್ಗಿಯವರೆಗೂ ಊರಲ್ಲಿ ಹೇಳುತ್ತ ತಿರುಗುತ್ತಿದ್ದ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಕಾಶವ್ವನೊಡನೆ ಪಾಲಿಗಾಗಿ ಜಗಳ ತೆಗೆದು ಮನೆಯ ನಡುವೆ ಗೋಡೆ ಎಬ್ಬಿಸಿದ್ದ. ತನ್ನ ಮನೆಯ ಒಂದು ಹಿಡಿ ಹಿಟ್ಟೂ ಆಚೆ ಹೋಗಕೂಡದೆಂದು ಹೆಂಡತಿ ಶಾವಂತ್ರವ್ವನಿಗೆ ಕಟ್ಟಪ್ಪಣೆ ಮಾಡಿದ್ದ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ, ಉಣಿಸಿ ದೊಡ್ಡವನನ್ನು ಮಾಡಿದವಳು ಅದೇ ಕಾಶವ್ವ. ಊರಿಗೆ ನೆನಪಿತ್ತು, ಅವನಿಗೆ ಇರಲಿಲ್ಲ.

ಈಚೆಗೆ ಅವನು ಉಂಡು ಅಡ್ಡಾಗುವುದೇ ತಡ, ಶಾವಂತ್ರವ್ವ ಸೆರಗಿನಲ್ಲಿ ಏನನ್ನೋ ಮರೆಮಾಡಿಕೊಂಡು ಹೊರಬೀಳುತ್ತಿದ್ದಳು. ಬರುವಾಗ ಕೈ ಖಾಲಿ. ಮಲಕಾಜಪ್ಪನ ತಲೆಯಲ್ಲಿ ಹುಳ ಹೊಕ್ಕಿತು. ಹಿಟ್ಟಿನ ಗಡಿಗೆಯೊಳಗೆ ಬೆರಳಿನಿಂದ ಗೆರೆ ಎಳೆದಿಟ್ಟು ನೋಡಿದ. ದಿನಕ್ಕೆ ಇಳಿಯುವಷ್ಟೇ ಇಳಿದಿತ್ತು. ಹಾಗಾದರೆ ಹೋಗುತ್ತಿರುವುದೇನು? ಬೆಳ್ಳಿಯೇ, ಬಟ್ಟೆಯೇ? ಒಮ್ಮೆ ಹಿಂದೆಯೇ ನಡೆದ. ಅವಳು ಮಠದ ಓಣಿಗೆ ತಿರುಗಿದಳು. ಯಾರಾದರೂ ಕಂಡಾರೆಂದು ನಾಚಿ ಅವನು ಅಲ್ಲಿಂದಲೇ ಮರಳಿದ. ಓಹೋ, ಅಜ್ಜನ ಜೋಳಿಗೆ ತುಂಬುವುದು ಹೀಗೋ ಎಂದು ತಾನೇ ತೀರ್ಪು ಕೊಟ್ಟುಕೊಂಡ.

ಮರುದಿನ ನೇರವಾಗಿ ಮಠಕ್ಕೇ ಹೋದ. ಅಜ್ಜನವರು ಬೇವಿನ ಕೆಳಗೆ ಹರಿದ ಜೋಳಿಗೆಯನ್ನು ಹೊಲಿಯುತ್ತಿದ್ದರು. ಹೆಣ್ಣುಮಕ್ಕಳ ತಲೆ ಕೆಡಿಸಿ ಮನೆ ದೋಚುತ್ತೀರೆಂದು ಮಲಕಾಜಪ್ಪ ಬಾಯಿಗೆ ಬಂದದ್ದೆಲ್ಲ ಆಡಿದ. ಕೊಟ್ಟ ಚೀಲಗಳನ್ನು ಎತ್ತಿ ಆಡಿದ. ಗಡಿಗೆಗೆ ಗೆರೆ ಎಳೆದದ್ದನ್ನೂ ದೊಡ್ಡ ಜಾಣತನವೆಂಬಂತೆ ಹೇಳಿದ. ನಿಜ ತಿಳಿಯದಿದ್ದರೆ ಸಂಜೆಯ ಬಸ್ಸಿಗೆ ಹೆಂಡತಿಯನ್ನು ತವರಿಗೆ ಅಟ್ಟುವುದು ಖರೆ, ಮತ್ತೆ ಕರೆಸುವ ಮಾತಿಲ್ಲ ಎಂದ. ಕುಳಿತಿದ್ದ ಭಕ್ತರು ಎದ್ದುನಿಂತರು. ಅಜ್ಜನವರು ಅವರನ್ನು ಕೈಸನ್ನೆಯಿಂದ ಕೂರಿಸಿ, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು.

"ಹಿಟ್ಟಿನ ಗಡಿಗಿ ನೋಡಿದಿ. ಆಕಿ ತಾಟು ಎಂದಾದರೂ ನೋಡಿಯೇನಪಾ?"

ಆ ಊರಿನ ಮನೆಗಳಲ್ಲಿ ಗಂಡಸರು ಉಂಡೆದ್ದ ಮೇಲೆ ಹೆಂಗಸರು ಒಲೆಯ ಮಗ್ಗುಲಲ್ಲಿ ಕುಳಿತು ಉಣ್ಣುವುದು ರೂಢಿ. ಹೆಂಡತಿ ಏನು ಉಂಡಳೆಂದು ಅವನ ಅಪ್ಪನೂ ನೋಡಿದವನಲ್ಲ, ಅವನೂ ನೋಡಿದವನಲ್ಲ.

"ಇವತ್ತ ನೀನ ನೀಡು. ಆಕಿ ಉಂಡ ಮ್ಯಾಲ ನೀ ಉಣ್ಣು" ಎಂದು ಅಜ್ಜನವರು ಮತ್ತೆ ಸೂಜಿ ಎತ್ತಿಕೊಂಡರು.

ಇದರಲ್ಲೂ ಏನೋ ಮಸಲತ್ತಿದೆ ಎಂದುಕೊಳ್ಳುತ್ತಲೇ ಮನೆಗೆ ಬಂದ. ಹೆಂಡತಿಯನ್ನು ಕೂರಿಸಿ, ತಾಟಿಗೆ ಅವಳ ಪಾಲಿನ ಎರಡು ರೊಟ್ಟಿ, ಪಲ್ಯ ನೀಡಿದ. ಅವಳು ಹೆದರಿ ಹೆದರಿ ಅರ್ಧ ರೊಟ್ಟಿ ಉಂಡಳು. ಕೈ ನಿಂತಿತು.

ಉಣ್ಣು ಎಂದ.

"ನನಗ ಇಷ್ಟ ಸಾಕರಿ. ಉಳದದ್ದು ಅಕ್ಕಂದು."

ಆಮೇಲೆ ತಲೆತಗ್ಗಿಸಿಕೊಂಡೇ ಹೇಳಿದಳು. ಕಾಶವ್ವನ ಬೆರಳುಗಳು ವಾತದಿಂದ ಸೊಟ್ಟಗಾಗಿ ರೊಟ್ಟಿ ಬಡಿಯಲು ಬಾರದು. ನೀರಲ್ಲಿ ಹಿಟ್ಟು ಕಲಸಿ ಕುಡಿಯುತ್ತಿದ್ದುದನ್ನು ಕಂಡು ತಡೆಯಲಾಗಲಿಲ್ಲ. ಅಕ್ಕನ ಹಿತ್ತಲ ಬಾಗಿಲು ಮಠದ ಓಣಿಗೇ ಇದೆಯಲ್ಲ, ಅಲ್ಲಿಂದ ಕೊಟ್ಟು ಬರುತ್ತಿದ್ದೆ. "ನಿಮ್ಮ ಮಾತು ಮೀರಿ ಹಿಟ್ಟು ಮುಟ್ಟಿಲ್ಲರಿ. ನನ್ನ ಹೊಟ್ಟಿದು ಕೊಟ್ಟೀನಿ" ಎಂದಳು. ಅವಳ ಬಳೆಗಳು ಮೊಣಕೈತನಕ ಜಾರಿದ್ದನ್ನು ಅವನು ಆಗ ಕಂಡ. ಸಿಟ್ಟೆಲ್ಲ ಎಲ್ಲಿ ಹೋಯಿತೋ!

ತಾಟನ್ನು ಎತ್ತಿಕೊಂಡು ತಾನೇ ಹೋದ. ಹಿತ್ತಲ ಬಾಗಿಲಲ್ಲಿ ಅವನನ್ನು ಕಂಡ ಕಾಶವ್ವ ಬೈಯಲಿಲ್ಲ, ಯಾಕೆ ಬಂದೆ ಎನ್ನಲಿಲ್ಲ. ತಾಟಿನಿಂದ ರೊಟ್ಟಿ ತೆಗೆದು, ಬೆರಳು ಬಾಗದ್ದಕ್ಕೆ ಎರಡೂ ಅಂಗೈ ನಡುವೆ ಒತ್ತಿ ಮುರಿದು, ದೊಡ್ಡ ತುಂಡನ್ನು ಅವನ ಮುಂದೆ ಹಿಡಿದಳು.

"ಉಂಡೀಯೇನೋ ತಮ್ಮಾ? ಮಾರಿ ಬಾಡೇತಿ."

ಅಜ್ಜನವರ ಮಾತಿನಂತೆ ಅವನಿನ್ನೂ ಉಂಡಿರಲಿಲ್ಲ. ಹೊಸ್ತಿಲ ಮೇಲೆ ಕುಸಿದು ಕುಳಿತು, ರೊಟ್ಟಿಯನ್ನು ಕಣ್ಣಿಗೊತ್ತಿಕೊಂಡು ಮಗುವಿನಂತೆ ಅತ್ತ.

ಮರುದಿನ ಅಜ್ಜನವರು ಅವನ ಮನೆಗೆ ಭಿಕ್ಷೆಗೆ ಬಂದಾಗ ಒಳಗೆ ಮೂರು ತಾಟು ಒಟ್ಟಿಗೆ ಇಟ್ಟಿದ್ದರು. ಪೂಜ್ಯರು ಜೋಳಿಗೆ ಒಡ್ಡಿದರು. ಆ ಸುಗ್ಗಿಯಲ್ಲೂ ಮಠಕ್ಕೆ ಜೋಳ ಬಂತು. ಕೊಟ್ಟವರು ಯಾರೆಂದು ಊರಿಗೆ ತಿಳಿಯಲಿಲ್ಲ.